ಕ್ಲೌಡ್ ರೆಫರೆನ್ಸ್ ಆರ್ಕಿಟೆಕ್ಚರ್ ಮೂರು ಓದಿ ನೋಡ್ದೆ, ನಾಪೋಕ್ಲು ಕಡೆಯೋರಿಗೆ ಯಾವ್ದು ಆಗುತ್ತೆ

ಕೊಡಗಿನ ನಾಪೋಕ್ಲು, ಕಕ್ಕಬೆ ಕಡೆ ಐದಾರು ಹೋಮ್‌ಸ್ಟೇಗಳ ಬುಕಿಂಗ್ ಸಾಫ್ಟ್‌ವೇರ್ ನಾನೇ ನೋಡ್ಕೊಳ್ಳೋದು. ಹೋದ ಮಳೆಗಾಲದಲ್ಲಿ ಆದ ಒಂದು ಎಡವಟ್ಟಿನಿಂದ ಈ ರೆಫರೆನ್ಸ್ ಆರ್ಕಿಟೆಕ್ಚರ್, ಅಂದ್ರೆ ಕ್ಲೌಡ್ ವ್ಯವಸ್ಥೇಲಿ ಯಾರ್ಯಾರು, ಏನೇನು ಇರ್ಬೇಕು ಅಂತ ತೋರಿಸೋ ಮಾದರಿ ನಕ್ಷೆಗಳನ್ನ ಕೂತು ಓದೋ ಹಾಗಾಯ್ತು, ಇಲ್ಲಾಂದ್ರೆ ಈ ಸ್ಟ್ಯಾಂಡರ್ಡ್ ಪಿಡಿಎಫ್‌ಗಳನ್ನ ಯಾರು ಓದ್ತಾರೆ ಹೇಳಿ.

ಜುಲೈನಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ಗಾಳಿಗೆ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿತ್ತು, ಕರೆಂಟ್ ಹೋಯ್ತು, ಅದ್ರ ಜೊತೆ ಇಂಟರ್ನೆಟ್ ಕೇಬಲ್ಲೂ ಕಿತ್ತು ಬಂತು, ಸಂಜೆಯೊಳಗೆ ಟವರೂ ಸತ್ತೋಯ್ತು. ಹೋಮ್‌ಸ್ಟೇ ಆಂಟಿಯ ಫೋನಲ್ಲಿ ಮಾತ್ರ ರೂಮ್ ಖಾಲಿ ಅಂತ ಬೆಳಗಿನ ಸ್ಕ್ರೀನೇ ಕೂತಿತ್ತು. ನೆನ್ಕೊಂಡು ಬಂದ ಒಂದು ಫ್ಯಾಮಿಲಿಗೆ ಪಾಪ ಅಂತ ಆ ರೂಮ್ ಕೊಟ್ಬಿಟ್ರು. ಅದೇ ರೂಮಿಗೆ ಬೆಂಗಳೂರಿನವರು ಮಧ್ಯಾಹ್ನವೇ ಆನ್‌ಲೈನಲ್ಲಿ ದುಡ್ಡು ಕಟ್ಟಿ ಆಗಿತ್ತು. ರಾತ್ರಿ ಒಂಬತ್ತಕ್ಕೆ ಅವರೂ ಬಂದಿಳಿದ್ರು, ಅಂಗಳದಲ್ಲಿ ಎರಡು ಕಾರು, ಒಳಗೆ ಇರೋದು ಒಂದು ರೂಮು. ಕೊನೆಗೆ ಆಂಟಿ ಮಗನನ್ನ ಹಾಲ್‌ನಲ್ಲಿ ಮಲಗಿಸಿ ಅವನ ರೂಮ್ ಕೊಟ್ರು. ಮಾರನೇ ದಿನ ನನ್ಗೆ, "ಎಂಥ ಕ್ಲೌಡ್ ಮಾರಾಯ ನಿಂದು, ನನ್ನ ನೋಟ್‌ಬುಕ್ಕೇ ವಾಸಿ." ಲಾಗ್ ತೆಗೆದು ನೋಡಿದ್ರೆ ಮುಂಬೈಲಿರೋ ಸರ್ವರ್ ಒಂದು ನಿಮಿಷಾನೂ ಬಿದ್ದಿಲ್ಲ!

ಸರಿ, ದೊಡ್ಡೋರು ಇದಕ್ಕೆಲ್ಲ ಏನು ಹೇಳಿದ್ದಾರೆ ಅಂತ ಹುಡುಕಿದೆ.

ಎಡಬ್ಲ್ಯುಎಸ್, ಅಂದ್ರೆ ಅಮೆಜಾನ್‌ನ ಕ್ಲೌಡ್, ಅದು ಎಲ್ಲರಿಗೂ ಗೊತ್ತು. ಅದ್ರ ವೆಲ್-ಆರ್ಕಿಟೆಕ್ಟೆಡ್ ಫ್ರೇಮ್‌ವರ್ಕ್ ಅನ್ನೋದು ಸರಿಯಾಗಿ ನೋಡಿದ್ರೆ ರೆಫರೆನ್ಸ್ ಆರ್ಕಿಟೆಕ್ಚರೇ ಅಲ್ಲ, ಕಟ್ಟಿದ್ದನ್ನ ನಾವೇ ಪ್ರಶ್ನೆ ಹಾಕಿ ಚೆಕ್ ಮಾಡ್ಕೊಳ್ಳೋಕೆ ಇರೋದು, ಅದ್ರಲ್ಲಿ ಕಂಬ ಅಂತ ಕರೆಯೋ ಮುಖ್ಯ ವಿಷಯ 5 ಇತ್ತು, 2021ರಲ್ಲಿ ಸಸ್ಟೇನಬಿಲಿಟಿ (ಪರಿಸರಕ್ಕೆ ಹೊರೆ ಕಮ್ಮಿ ಮಾಡೋದು) ಸೇರಿ 6 ಆಯ್ತು. ರೆಫರೆನ್ಸ್ ಚಿತ್ರಗಳು ಬೇರೆ ಕಡೆ, ಅವರ ಆರ್ಕಿಟೆಕ್ಚರ್ ಸೆಂಟರಲ್ಲಿ ಸಿಗ್ತವೆ. ಕೆಲಸಕ್ಕೆ ಬರೋದು ಇದೇ, ಯಾವ ಸರ್ವೀಸು ಯಾವುದಕ್ಕೆ ಜೋಡಿಸಬೇಕು ಅಂತ ನೇರ ಬರೆದಿರುತ್ತೆ, ಆದ್ರೆ ಬರೀ ಅವರ ಅಂಗಡಿ ಸಾಮಾನು. ಕೆಲಸ ಹಂಚೋಕೆ ಲೋಡ್ ಬ್ಯಾಲೆನ್ಸರ್, ಒಂದು ಬಿದ್ರೆ ಇನ್ನೊಂದು ಇರ್ಲಿ ಅಂತ ಎರಡು ಝೋನ್ (ಬೇರೆ ಬೇರೆ ಡೇಟಾ ಸೆಂಟರ್), ಝೋನ್‌ಗೊಂದು ನ್ಯಾಟ್ ಗೇಟ್‌ವೇ (ಒಳಗಿನ ಸರ್ವರ್ ಇಂಟರ್ನೆಟ್‌ಗೆ ಹೋಗೋ ಬಾಗಿಲು), ಅದಕ್ಕೆ ಡೇಟಾ ಹೋದ್ರೂ ಹೋಗದಿದ್ರೂ ಗಂಟೆ ಲೆಕ್ಕದಲ್ಲಿ ಬಿಲ್. ನಾಲ್ಕು ರೂಮಿನ ಹೋಮ್‌ಸ್ಟೇಗೆ ಇದು ಐನ್‌ಮನೆ (ಕೊಡವರ ದೊಡ್ಡ ಮೂಲ ಮನೆ) ಪ್ಲಾನ್ ಇಟ್ಕೊಂಡು ಕೋಳಿಗೂಡು ಕಟ್ಟಿದ ಹಾಗೆ. 5ಕ್ಕೆ 3 ಕೊಡ್ತೀನಿ.

ಎರಡನೇದು ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಸಂಸ್ಥೆ ಐಎಸ್‌ಒದ 17789, 2014ರದ್ದು. ಈಗ ಅದ್ರ ಜಾಗಕ್ಕೆ 2023ರ 22123-3 ಬಂದಿದೆ, ನಾನು ಓದಿದ್ದು ಹಳೇದನ್ನೇ, ಯಾಕಂದ್ರೆ ಅದೇ ಪಠ್ಯ ವಿಶ್ವಸಂಸ್ಥೆಯ ಟೆಲಿಕಾಂ ಸಂಸ್ಥೆ ಐಟಿಯುನವರ ವೈ.3502 ಅನ್ನೋ ಹೆಸರಲ್ಲಿ ಪುಕ್ಕಟೆ ಸಿಗುತ್ತೆ. ಕಸ್ಟಮರ್, ಪ್ರೊವೈಡರ್, ಪಾರ್ಟ್ನರ್ ಅಂತ ಮೂರೇ ಪಾತ್ರ, ಮಿಕ್ಕವರೆಲ್ಲ ಅವರ ಕೆಳಗೆ. ಆಡಿಟರ್ (ತಪಾಸಣೆ ಮಾಡೋನು), ಬ್ರೋಕರ್ (ಮಧ್ಯವರ್ತಿ) ಪಾರ್ಟ್ನರ್ ಕೆಳಗೆ, ನೆಟ್‌ವರ್ಕ್ ಕೊಡೋನು ಪ್ರೊವೈಡರ್ ಕೆಳಗೆ. ಅಚ್ಚುಕಟ್ಟಾಗಿದೆ, ನಿದ್ದೇನೂ ಬರುತ್ತೆ. ನಾಲ್ಕು ವ್ಯೂ, ಅಂದ್ರೆ ನೋಡೋ ಕೋನ, ಇದೆ ಅಂತ ಹೇಳಿ ಯೂಸರ್, ಫಂಕ್ಷನಲ್ ಎರಡನ್ನ ವಿವರಿಸಿ, ಇಂಪ್ಲಿಮೆಂಟೇಶನ್ ಮತ್ತೆ ಡಿಪ್ಲಾಯ್‌ಮೆಂಟ್ (ನಿಜವಾಗಿ ಕಟ್ಟಿ ಓಡ್ಸೋದು) ನಮ್ಮ ವ್ಯಾಪ್ತಿಗೆ ಬರಲ್ಲ ಅಂತ ಕೈ ತೊಳ್ಕೊಂಡಿದ್ದಾರೆ, ನಮ್ಗೆ ಬೇಕಾಗಿದ್ದೇ ಅದು ಸ್ವಾಮಿ. ಟೆಂಡರ್ ಬರೆಯೋ ಆಫೀಸಿನವರಿಗೆ ಸರಿ. 2 ಸ್ಟಾರ್.

ಇನ್ನು ನಿಸ್ಟ್, ಅಮೆರಿಕ ಸರ್ಕಾರದ ಸಂಸ್ಥೆ, ಎಸ್‌ಪಿ 500-292, ಸೆಪ್ಟೆಂಬರ್ 2011. ಐಎಸ್‌ಒದಕ್ಕಿಂತ ಹಳೇದು, ಆದ್ರೂ ಇದೇ ನನ್ಗೆ ಹಿಡಿಸಿದ್ದು. ಇಲ್ಲಿ 5 ಜನ: ಕನ್ಸ್ಯೂಮರ್, ಪ್ರೊವೈಡರ್, ಆಡಿಟರ್, ಬ್ರೋಕರ್, ಕ್ಯಾರಿಯರ್ (ನಡುವೆ ಡೇಟಾ ಸಾಗಿಸೋನು). ಮುಖ್ಯ ಚಿತ್ರ ತೆಗೆದು ನೋಡಿ, ನಡುವೆ ದೊಡ್ಡ ಡಬ್ಬಿ ಪ್ರೊವೈಡರ್, ಒಂದು ಪಕ್ಕ ಕನ್ಸ್ಯೂಮರ್ ಮತ್ತೆ ಆಡಿಟರ್, ಇನ್ನೊಂದು ಪಕ್ಕ ಬ್ರೋಕರ್, ಇವರೆಲ್ಲರ ಕೆಳಗೆ ಉದ್ದಕ್ಕೆ ಚಾಪೆ ಹಾಸಿದ ಹಾಗೆ ಒಂದು ಪಟ್ಟಿ, ಅದೇ ಕ್ಯಾರಿಯರ್. ನಾನು ಕಾಲೇಜಲ್ಲಿ ಈ ಚಿತ್ರ ಎಕ್ಸಾಮಿಗೆ ಬರೆದಿದ್ದೀನಿ, ಆ ಪಟ್ಟಿ ಯಾಕಿದೆ ಅಂತ ಒಂದು ಸಲಾನೂ ಯೋಚ್ನೆ ಮಾಡಿಲ್ಲ. ಮರ ಬಿದ್ದ ದಿನ ಆಂಟಿ ಮನೇಲಿ ಹರಿದಿದ್ದು ಆ ಚಾಪೆ, ನಾನು ರಿಪೇರಿಗೆ ಹೊರಟಿದ್ದು ಮೇಲಿನ ಡಬ್ಬಿಗೆ.

ಇನ್ನೊಂದು ತಮಾಷೆ, ಕ್ಯಾರಿಯರ್ ಅಂದ್ರೆ ಟೆಲಿಕಾಂನವರು ಮಾತ್ರ ಅಲ್ವಂತೆ, ಹಾರ್ಡ್ ಡಿಸ್ಕ್ ಹೊತ್ಕೊಂಡು ಹೋಗಿ ಮುಟ್ಟಿಸೋ ಸಂಸ್ಥೇನೂ ಅದ್ರಲ್ಲೇ ಬರುತ್ತೆ, ಹಾಗೇ ಬರೆದಿದ್ದಾರೆ. ಹಂಗಾದ್ರೆ ಪೆನ್‌ಡ್ರೈವ್ ಕವರ್ ಮಡಿಕೇರಿಗೆ ತಲುಪಿಸೋ ನಮ್ಮ ಪ್ರೈವೇಟ್ ಬಸ್ಸಿನವರೂ ಕ್ಲೌಡ್ ಕ್ಯಾರಿಯರ್ರೇ!

ಒಂದು ಕಡೆ ಮಾತ್ರ ನಮ್ಗೆ ಹೊಂದಲ್ಲ. ಪ್ರೊವೈಡರ್ರೇ ಕ್ಯಾರಿಯರ್ ಜೊತೆ ಎಸ್‌ಎಲ್‌ಎ (ಸೇವೆ ಇಷ್ಟು ಚೆನ್ನಾಗಿರುತ್ತೆ ಅನ್ನೋ ಒಪ್ಪಂದ) ಮಾಡ್ಕೊಂಡು ಕನ್ಸ್ಯೂಮರ್‌ಗೆ ಇನ್ನೊಂದು ಎಸ್‌ಎಲ್‌ಎ ಕೊಡೋ ಹಾಗೆ ತೋರಿಸಿದ್ದಾರೆ. ಇಲ್ಲಿ ಕೇಬಲ್ ಕಡಿದ್ರೆ ಲೈನ್ ಹುಡುಗನಿಗೆ ಫೋನ್ ಮಾಡಿ, ಕಾಫಿ ಕುಡಿಸಿ, ಏಣಿ ಹಿಡಿಯೋದು ನಾವೇ. 2011ರಲ್ಲಿ ಬರೆದಿದ್ದಾದ್ರಿಂದ ಎಡ್ಜ್, ಫಾಗ್ (ದೂರದ ಸರ್ವರ್ ಬದಲು ಹತ್ತಿರದ ಯಂತ್ರದಲ್ಲೇ ಕೆಲಸ ಮಾಡ್ಸೋದು) ಅನ್ನೋದೂ ಇಲ್ಲ, ಅದಕ್ಕೆ ನಿಸ್ಟ್‌ನವರೇ 2018ರಲ್ಲಿ 500-325 ಅಂತ ಬೇರೆ ತಂದಿದ್ದಾರೆ. ಆದ್ರೂ 4 ಸ್ಟಾರ್.

ಓದಿ ಆದ್ಮೇಲೆ ಮಾಡಿದ್ದು ಇಷ್ಟೇ. ಹೋಮ್‌ಸ್ಟೇ ಫೋನಿಂದ ಅರ್ಧ ಗಂಟೆ ಸುದ್ದಿ ಬರದಿದ್ರೆ ಆ ಮನೆಯ ಒಂದು ರೂಮು ತಾನಾಗೇ ಆನ್‌ಲೈನ್ ಸೇಲಿಂದ ಹೊರಗೆ ಹೋಗುತ್ತೆ, ಆ ಕಡೆ ಆಂಟಿ ಫೋನಲ್ಲೂ ಅದೊಂದೇ ರೂಮ್ ಹಸಿರಾಗಿರುತ್ತೆ, ಬಾಗಿಲಿಗೆ ಬಂದವರಿಗೆ ಅದನ್ನೇ ಕೊಡ್ಬೇಕು, ಮೇಲೆ ದಪ್ಪಕ್ಷರದಲ್ಲಿ ಕೊನೇ ಸಲ ಸಿಂಕ್ ಆದ ಟೈಮು. ಇದಕ್ಕೆ ಎರಡನೇ ಝೋನೂ ಬೇಕಾಗ್ಲಿಲ್ಲ. ಮೋಡೆಮ್ ಪ್ಲಗ್ ಕಿತ್ತು ಮೂರು ಸಲ ಟೆಸ್ಟ್ ಮಾಡಿದ್ದೀನಿ, ಸರಿ ಬಂತು, ಇನ್ನು ಜೂನಲ್ಲಿ ನೋಡ್ಬೇಕು. ಆಂಟಿ ಒಪ್ಕೊಂಡಿದ್ದಾರೆ, ನೋಟ್‌ಬುಕ್ ಮಾತ್ರ ಎತ್ತಿಡಲ್ಲ ಅಂದ್ರು, ನಾನೂ ಜಾಸ್ತಿ ಒತ್ತಾಯ ಮಾಡ್ಲಿಲ್ಲ.