ಕಾಸರಗೋಡಿನ ಗುಡ್ಡೆದಾರಿಗೆ ಹಳೆ ಡೀಸೆಲ್ ಏಸ್: ಮೀನು ಹೊತ್ತ ಗಾಡಿ ಮಾತ್ರ ಬೇಡ

ಸೆಕೆಂಡ್ ಹ್ಯಾಂಡ್ ಸಣ್ಣ ಪಿಕಪ್ ಹುಡುಕುವವರು ಮೊದಲು ಕೇಳುವುದು ಒಂದೇ ಮಾತು: "ಮೈಲೇಜ್ ಎಷ್ಟು ಸಿಗ್ತದೆ?" ಟಾಟಾ ಏಸಿನ 702 ಸಿಸಿ ಎರಡು ಸಿಲಿಂಡರ್ ಡೀಸೆಲ್‌ನ ಮಟ್ಟಿಗೆ ಇದಕ್ಕೆ ಉತ್ತರ ಹೇಳುವುದು ಕಷ್ಟವಲ್ಲ. ಖಾಲಿ ಗಾಡಿ, ಸಮತಟ್ಟು ರಸ್ತೆ, ವೇಗ 50 ದಾಟದಿದ್ದರೆ ಲೀಟರಿಗೆ 20ರ ಆಸುಪಾಸು. ಲೋಡು ತುಂಬಿಸಿ ಪೆರ್ಲ, ಮುಳ್ಳೇರಿಯ ಕಡೆಯ ಏರು ಹತ್ತಿಸಿದರೆ 15, 16. ಆರು ಪಥದ ಹೆದ್ದಾರಿಯಲ್ಲಿ 60ರ ಮೇಲೆ ಓಡಿಸಿದರೆ ಇಂಜಿನ್ ಅರಚುತ್ತದೆ, ಮೈಲೇಜೂ ಇಳಿಯುತ್ತದೆ. ಮಾರುವವರು ಹೇಳುವ 24, 25ನ್ನು ನಂಬುವ ಅಗತ್ಯವಿಲ್ಲ. ಟ್ಯಾಂಕ್ ಬಾಯಿವರೆಗೆ ತುಂಬಿಸಿ, ಒಂದೆರಡು ವಾರ ಮಾಮೂಲಿ ಲೋಡಿನಲ್ಲಿ ಓಡಿಸಿ, ಅದೇ ಪಂಪಿನಲ್ಲಿ ಮತ್ತೆ ಬಾಯಿವರೆಗೆ ತುಂಬಿಸಿ ಭಾಗಿಸಿದರೆ ಬರುವುದೇ ನಿಜವಾದ ಲೆಕ್ಕ.

2005ರಲ್ಲಿ ಬಂದ ಈ ಗಾಡಿ ಇಂದಿಗೂ ಅಡಿಕೆ ತೋಟದ ದಾರಿಗಳಲ್ಲಿ ಬೇಡಿಕೆ ಉಳಿಸಿಕೊಂಡಿರುವುದು ತಿರುಗುವ ಸುಖಕ್ಕೆ. ತಿರುಗಲು ಬೇಕಾದ ತ್ರಿಜ್ಯ 4.3 ಮೀಟರ್ ಅಷ್ಟೇ. ಗುಡ್ಡೆ ಕಡಿದು ಮಾಡಿದ ಮಣ್ಣಿನ ದಾರಿ, ಎರಡೂ ಬದಿ ಆಳೆತ್ತರದ ಬರೆ (ಕಡಿದ ಮಣ್ಣಿನ ಗೋಡೆ), ಕೊನೆಗೆ ಅಡಿಕೆ ಹರವಿದ ಅಂಗಳ. ಇಂಥ ಕಡೆ ದೊಡ್ಡ ಪಿಕಪ್‌ಗಳು ಹಿಂದೆ ಮುಂದೆ ಮಾಡುತ್ತಾ ನಿಲ್ಲುವಾಗ ಏಸ್ ಅಂಗಳದಲ್ಲೇ ಸುತ್ತು ಹೊಡೆದು ಮುಖ ತಿರುಗಿಸುತ್ತದೆ. ಹಿಂಬದಿಯ ಹಲಗೆ ಇಳಿಸಿದರೆ ಬೆನ್ನ ಮೇಲಿನ ಚೀಲವನ್ನು ನಿಂತಲ್ಲಿಂದಲೇ ಜಾರಿಸಬಹುದು, ಎತ್ತಿಕೊಡಲು ಇನ್ನೊಬ್ಬ ಆಳು ಬೇಡ. ಬೆಳಿಗ್ಗೆ ಸೀಟು ಎತ್ತಿ, ಡಿಪ್‌ಸ್ಟಿಕ್ ಒರೆಸಿ ನೋಡಿ, ಕೂಲೆಂಟ್ ಮಟ್ಟ ನೋಡಿ, ಬೆಲ್ಟನ್ನು ಹೆಬ್ಬೆರಳಿಂದ ಒತ್ತಿ ನೋಡುವುದಕ್ಕೆ ಎರಡು ನಿಮಿಷ ಸಾಕು. ಆಮೇಲೆ ಸ್ಟಾರ್ಟ್ ಮಾಡಿ ಸುಮ್ಮನೆ ಬಿಟ್ಟರೆ ಇಡೀ ಕ್ಯಾಬಿನ್ ನಡುಗುತ್ತದೆ. ಎರಡು ಸಿಲಿಂಡರಿನ ಗುಣವೇ ಅದು. ನಡುಕ ಹೆಚ್ಚಾಗಿ ಗೇರ್ ಲಿವರ್ ಕುಣಿಯತೊಡಗಿದರೆ ಇಂಜಿನ್ ಮೌಂಟಿಂಗಿನ ರಬ್ಬರ್ ಹೋಗಿದೆ ಎಂದು ತಿಳಿಯಬೇಕು. ಅದು ಸಣ್ಣ ಖರ್ಚು.

ಇಷ್ಟರವರೆಗೆ ಹೊಗಳಿಕೆ. ಆದರೆ ಮಾರುಕಟ್ಟೆಗೆ ಇಳಿದರೆ ಬೇಸರ ಬರುತ್ತದೆ, ಯಾಕೆಂದರೆ ಮಂಜೇಶ್ವರದಿಂದ ಕಾಸರಗೋಡಿನವರೆಗಿನ ಕರಾವಳಿಯಲ್ಲಿ ಅಗ್ಗಕ್ಕೆ ಸಿಗುವ ಏಸ್‌ಗಳಲ್ಲಿ ಬಹಳಷ್ಟು ಮೀನು ಹೊತ್ತವು. ಪೆಟ್ಟಿಗೆಯ ಮಂಜುಗಡ್ಡೆ ಕರಗಿ ಉಪ್ಪುನೀರು ಸರಕು ಹೇರುವ ಡೆಕ್ಕಿನ ಸಂದಿಗಳಿಂದ ಇಳಿಯುತ್ತದೆ. ಅದು ಗಾಡಿಯ ತಳದ ಕಬ್ಬಿಣದ ಚೌಕಟ್ಟಾದ ಚಾಸಿಯ ಉದ್ದ ಪಟ್ಟಿಗಳ ಒಳಗೆ, ಅಡ್ಡಪಟ್ಟಿಗಳ ಬೆಸುಗೆಯ ಮೂಲೆಗಳಲ್ಲಿ, ಹಿಂದಿನ ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಹ್ಯಾಂಗರ್ ಮೇಲೆ ನಿಲ್ಲುತ್ತದೆ. ಮೇಲಿಂದ ತೊಳೆದರೆ ಹೋಗುವ ಉಪ್ಪಲ್ಲ ಅದು. ಜೊತೆಗೆ ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸಿನ ಮಳೆ. ಇಂಜಿನ್ ಕೆಟ್ಟರೆ ಮತ್ತೆ ಕಟ್ಟಬಹುದು, ಹಳೆಯ ಮಾದರಿಗಳ ಪಂಪ್, ನಾಝಲ್ ಕೆಲಸ ಊರಿನ ಡೀಸೆಲ್ ಅಂಗಡಿಯಲ್ಲೇ ಆಗುತ್ತದೆ. ಚಾಸಿ ಒಳಗಿಂದ ತಿಂದುಹೋದ ಗಾಡಿಗೆ ಮಾತ್ರ ಪ್ರತಿ ವರ್ಷ ವೆಲ್ಡಿಂಗ್ ತಪ್ಪಿದ್ದಲ್ಲ.

ಲೆಕ್ಕ ಹಾಕಿ ನೋಡಿ. ತಿಂಗಳಿಗೆ 1000 ಕಿಲೋಮೀಟರ್ ಓಡುವ ಗಾಡಿ ಲೀಟರಿಗೆ 19ರ ಬದಲು 16 ಕೊಟ್ಟರೆ ಹೆಚ್ಚು ಕುಡಿಯುವುದು ಸುಮಾರು 10 ಲೀಟರ್. ಡೀಸೆಲ್ 95 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 950. ಡೆಕ್ಕಿನ ತಗಡು ಬದಲಿಸಿ, ಎರಡು ಅಡ್ಡಪಟ್ಟಿ ಕೂರಿಸಿ, ಹ್ಯಾಂಗರ್ ಬಿಚ್ಚಿ ಕಟ್ಟಿಸಿದರೆ ಅಂಥ ಹಲವು ವರ್ಷಗಳ ಡೀಸೆಲ್ ಉಳಿತಾಯ ಒಂದೇ ಬಿಲ್ಲಿನಲ್ಲಿ ಮುಗಿಯುತ್ತದೆ. ಗಾಡಿ ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಂತ ನಷ್ಟ ಬೇರೆ.

ಮೀನಿನ ಗಾಡಿಯನ್ನು ಗುರುತಿಸಲು ಒಂದು ಕೊಡ ನೀರು, ಒಂದು ಸಣ್ಣ ಸುತ್ತಿಗೆ, ಒಂದು ಅಯಸ್ಕಾಂತ, ಒಂದು ಟಾರ್ಚ್ ಇದ್ದರೆ ಸಾಕು. ಡೆಕ್ಕಿಗೆ ನೀರು ಸುರಿದು ಬಿಸಿಲಲ್ಲಿ ಸ್ವಲ್ಪ ಹೊತ್ತು ಬಿಡಿ. ಎಷ್ಟು ಪೈಂಟ್ ಬಳಿದಿದ್ದರೂ ಮೂಲೆಗಳಿಂದ ವಾಸನೆ ಮೇಲೇಳುತ್ತದೆ. ಸುರಿದ ನೀರು ಎಲ್ಲೆಲ್ಲಿಂದ ಕೆಳಗೆ ತೊಟ್ಟಿಕ್ಕುತ್ತದೆ ನೋಡಿ, ತುಕ್ಕು ಹುಡುಕಬೇಕಾದದ್ದು ಅಲ್ಲೇ. ಕೆಳಗೆ ಮಲಗಿ ಚಾಸಿಯನ್ನು ಅಲ್ಲಲ್ಲಿ ಸುತ್ತಿಗೆಯಿಂದ ಮೆಲ್ಲ ಬಡಿಯಿರಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಪದರ ಎದ್ದದ್ದು ಮಂಕಾಗಿ ದಬ್ ಎನ್ನುತ್ತದೆ. ಕ್ಯಾಬಿನ್ನಿನ ಕೆಳಅಂಚಿನಲ್ಲಿ ಅಯಸ್ಕಾಂತ ಹಿಡಿಯದಿದ್ದರೆ ಒಳಗಿರುವುದು ಪುಟ್ಟಿ. ಹಿಂದಿನ ಚಕ್ರಗಳ ಕಡೆ ಹೋಗುವ ಬ್ರೇಕಿನ ಲೋಹದ ಪೈಪನ್ನು ಟಾರ್ಚ್ ಹಿಡಿದು ಪೂರ್ತಿ ನೋಡಿ. ಅದರ ಮೇಲೆ ಪೊರೆ ಎದ್ದಿದ್ದರೆ, ಲೋಡಿನಲ್ಲಿ ಇಳಿಜಾರು ಇಳಿಯುವಾಗ ಒಡೆದು ಪೆಡಲ್ ನೆಲಕ್ಕೆ ಹೋಗುವ ದಿನ ದೂರವಿಲ್ಲ. ಹಿಂದಿನ ಲೈಟು ಮಂಕಾಗಿ ಉರಿಯುತ್ತಿದ್ದರೆ ಅರ್ತ್ ಕನೆಕ್ಷನ್ನಿಗೂ ಉಪ್ಪು ಹತ್ತಿರಬಹುದು.

ಅಡಿಯಲ್ಲಿ ಹೊಸ ಕಪ್ಪು ಬಣ್ಣ ಕಂಡ ಕೂಡಲೇ ಓಡಿಹೋಗಬೇಕಿಲ್ಲ. ಫಿಟ್ನೆಸ್ ಟೆಸ್ಟಿಗೆ ಹೋಗುವ ಮೊದಲು ಎಲ್ಲರೂ ಬಳಿಯುತ್ತಾರೆ. ಒಂದು ಕಡೆ ಕೆರೆದು ನೋಡಲು ಬಿಡದ ಮಾರಾಟಗಾರನ ಹತ್ತಿರ ಮಾತ್ರ ಮಾತು ಮುಂದುವರಿಸಬೇಡಿ. ತೋಟದ ಮನೆಯವರೇ ಇಟ್ಟುಕೊಂಡ ಗಾಡಿ ಸಿಕ್ಕರೆ ಹತ್ತಿಪ್ಪತ್ತು ಸಾವಿರ ಹೆಚ್ಚಾದರೂ ಅದನ್ನೇ ಹಿಡಿಯಿರಿ. ಗೊಬ್ಬರ ಹೊತ್ತದ್ದಾದರೆ ಅದೂ ಉಪ್ಪೇ, ಸುತ್ತಿಗೆ ಪರೀಕ್ಷೆ ತಪ್ಪಿಸಬೇಡಿ.

ಮುರಕಲ್ಲು (ಮನೆ ಕಟ್ಟುವ ಕೆಂಪುಕಲ್ಲು) ಹೊತ್ತ ಗಾಡಿಗಳದ್ದು ಬೇರೆ ಕಾಯಿಲೆ. ಒಂದು ಕಲ್ಲು 30 ಕಿಲೋ ಎಂದರೆ 25 ಕಲ್ಲಿಗೇ 750 ಕಿಲೋ, ಹಳೆ ಏಸಿನ ಮಿತಿ ಅಲ್ಲಿಗೆ ಮುಗಿಯಿತು. ಕೋರೆಯಿಂದ ಬರುವಾಗ ಅಷ್ಟಕ್ಕೆ ನಿಲ್ಲಿಸುವವರು ಯಾರು? ಹಿಂದಿನ ಸ್ಪ್ರಿಂಗಿಗೆ ಹೆಚ್ಚುವರಿ ಪಟ್ಟಿ ಸೇರಿಸಿದ್ದರೆ ಅದೇ ಸಾಕ್ಷಿ. ಏಸಿನ ಮುಂದೆಯೂ ಗಟ್ಟಿ ಆಕ್ಸೆಲ್, ಪಟ್ಟಿ ಸ್ಪ್ರಿಂಗ್ ಇರುವುದರಿಂದ, ಮುಂದಿನ ಚಕ್ರ ತಿರುಗಿಸುವಾಗ ಆಧಾರವಾಗುವ ಕಿಂಗ್‌ಪಿನ್ನಿನ ಸವೆತವನ್ನೂ ನೋಡಬೇಕು. ಜಾಕ್ ಕೊಟ್ಟು ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಸಡಿಲ ಇದ್ದರೆ ಇನ್ನೊಬ್ಬರು ಬ್ರೇಕ್ ತುಳಿಯಲಿ. ಆಗಲೂ ಅಲುಗಿದರೆ ಕಿಂಗ್‌ಪಿನ್, ನಿಂತರೆ ಬೇರಿಂಗ್.

ಇಂಜಿನ್ ತಣ್ಣಗಿರುವಾಗಲೇ ಹೋಗಿ. ನೀವು ತಲುಪುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಪುಸ್ ಪುಸ್ ಎಂದು ಒತ್ತಡದಿಂದ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಏರಿನಲ್ಲಿ ತುಸು ಕಪ್ಪು ಹೊಗೆ ಇದ್ದರೆ ಮೊದಲು ಏರ್ ಫಿಲ್ಟರ್ ನೋಡಿ. ರೇಡಿಯೇಟರಿನಲ್ಲಿ ಕೆಂಪುನೀರಿದ್ದರೆ ಕೂಲೆಂಟಿನ ಬದಲು ಬಾವಿನೀರು ಹೊಯ್ದು ಓಡಿಸಿದ್ದಾರೆ, ಹೀಟ್ ಆಗಿ ಗ್ಯಾಸ್ಕೆಟ್ ಹೋದ ಇತಿಹಾಸವೂ ಇರಬಹುದು. ಕಿಲೋಮೀಟರ್ ಮೀಟರಿನ ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಕಾಗದಪತ್ರದಲ್ಲಿ ನಮ್ಮ ಕಡೆಯವರು ಮರೆಯುವುದು ಎರಡು. ಕಾಸರಗೋಡಿನ ಕೆಎಲ್ 14 ನಂಬರಿನ ಗಾಡಿಯಾದರೆ ಮೋಟಾರು ಕಾರ್ಮಿಕರ ಕ್ಷೇಮನಿಧಿಯ ಬಾಕಿ ಎಷ್ಟಿದೆ ಕೇಳಿ. ಅದರ ರಶೀದಿ ಇಲ್ಲದೆ ಟ್ಯಾಕ್ಸ್ ಕಟ್ಟಲು ಆಗುವುದಿಲ್ಲ, ಹಳೆ ಬಾಕಿ ಕೊನೆಗೆ ಕೊಂಡವನ ತಲೆಗೆ. ಪುತ್ತೂರು, ಮಂಗಳೂರಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೆಎ 21 ಅಥವಾ ಕೆಎ 19 ಗಾಡಿ ತಂದರೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ಬೇಕು, ಸಾಲ ಇದ್ದ ಗಾಡಿಯಾದರೆ ಅದು ತೀರಿದೆ ಎಂಬ ಫಾರ್ಮ್ 35. ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಕೇರಳದ ನಂಬರ್ ಮಾಡಿಸಲೇಬೇಕು. ಆ ಖರ್ಚು, ಓಡಾಟ ಸೇರಿಸಿದ ಮೇಲೆ ಅಗ್ಗವೋ ಅಲ್ಲವೋ ನೋಡಿ. ಒಟ್ಟು ತೂಕ 3000 ಕಿಲೋ ಒಳಗಿನ ಸರಕು ಗಾಡಿಗೆ ಪರ್ಮಿಟ್ ಬೇಡ ಎಂಬುದು ಗಡಿ ದಾಟುವ ನಮಗೆ ಸಮಾಧಾನ. ಫಿಟ್ನೆಸ್ ಮಾತ್ರ ಎಂಟು ವರ್ಷದ ನಂತರ ಪ್ರತಿ ವರ್ಷ. 15 ವರ್ಷ ದಾಟಿದರೆ ಶುಲ್ಕವೇ ಹಲವು ಪಟ್ಟು, ಹಾಗಾಗಿ ತೀರಾ ಹಳೆಯ ಮಾದರಿ ಕೈಗೆ ಸುಲಭವಾಗಿ ಬಂದರೂ ಜೇಬಿಗೆ ಭಾರ.

ತಿಂಗಳಿಗೆ 400, 500 ಕಿಲೋಮೀಟರ್ ಮಾತ್ರ ಓಡುವವರಿಗೆ ಡೀಸೆಲ್ಲೇ ಬೇಕೆಂಬ ಹಟ ಬೇಡ. 1.2 ಲೀಟರ್ ಪೆಟ್ರೋಲಿನ ಮಾರುತಿ ಸೂಪರ್ ಕ್ಯಾರಿ ಏರು ಹತ್ತುವಾಗ ಏಸಿಗಿಂತ ಎಷ್ಟೋ ಸಲೀಸು, ಸದ್ದೂ ಕಡಿಮೆ, ಲೋಡಿನಲ್ಲಿ ಮೈಲೇಜ್ ಎರಡು ಮೂರು ಕಿಲೋಮೀಟರ್ ಕಡಿಮೆಯಾದರೂ ಅಷ್ಟು ಕಡಿಮೆ ಓಟಕ್ಕೆ ಅದು ಕಾಣುವುದಿಲ್ಲ. ಏಸ್ ಇರಬೇಕಾದದ್ದು ದಿನವೂ ಬಾಡಿಗೆ ಓಡುವವರ ಕೈಯಲ್ಲಿ. ಸೂಪರ್ ಕ್ಯಾರಿ ನೋಡಲು ಹೋದರೂ ಕೊಡ, ಸುತ್ತಿಗೆ, ಅಯಸ್ಕಾಂತ ಕೊಂಡುಹೋಗಿ. ಮೀನು ಅದರಲ್ಲೂ ಹೋಗುತ್ತದೆ.