ಇಂಗ್ಲಿಷ್ ಹ್ಯಾಮ್ಲೆಟ್‌ಗಳ ಚರಿತ್ರೆ ಹುಡುಕಲು ಸ್ಕಾಟ್‌ಲ್ಯಾಂಡಿನ ನಕ್ಷೆ ಭಂಡಾರ

ಹತ್ತು ಹನ್ನೆರಡು ಮನೆಗಳ ಇಂಗ್ಲಿಷ್ ಹ್ಯಾಮ್ಲೆಟ್ಟಿನ (ಪುಟ್ಟ ಹಳ್ಳಿಯ) ಹಿನ್ನೆಲೆ ಹುಡುಕಲು ಹೊರಟವರು ವಂಶಾವಳಿಯ ತಾಣಗಳಿಗೆ ದುಡ್ಡು ಕಟ್ಟುವ ಮುಂಚೆ ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್‌ಲ್ಯಾಂಡಿನ ನಕ್ಷೆ ತಾಣವನ್ನು ತೆರೆದು ನೋಡುವುದು ಲೇಸು. ಗ್ರಂಥಾಲಯ ಇರುವುದು ಎಡಿನ್‌ಬರೋದಲ್ಲಾದರೂ ಇಂಗ್ಲೆಂಡಿನ ಹಳೆಯ ಆರ್ಡ್‌ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ಭೂಮಾಪನ ಸಂಸ್ಥೆ) ನಕ್ಷೆಗಳೂ ಇಲ್ಲಿವೆ. ಖಾತೆ ಬೇಡ, ಶುಲ್ಕವೂ ಇಲ್ಲ.

ಮೈಲಿಗೆ 6 ಇಂಚಿನ ನಕ್ಷೆ ಸುತ್ತಮುತ್ತಲ ಚಿತ್ರಣಕ್ಕೆ ಸಾಕು. ಹ್ಯಾಮ್ಲೆಟ್ಟಿಗೆ ಬೇಕಾದದ್ದು 25 ಇಂಚಿನದು, ಅಂದರೆ 1:2,500. ಅದರಲ್ಲಿ ಒಂದೊಂದು ಮನೆಯ ಆಕಾರವೂ ಕಾಣುತ್ತದೆ. ಬಾವಿಗೆ 'ಡಬ್ಲ್ಯು', ಪಂಪಿಗೆ 'ಪಿ', ಕುಲುಮೆಗೆ 'ಸ್ಮಿದಿ' ಎಂಬ ಗುರುತು. ನಂತರದ ಆವೃತ್ತಿಗಳಲ್ಲಿ ಹೊಲದ ನಂಬರಿನ ಕೆಳಗೇ ವಿಸ್ತೀರ್ಣ, ಎಕರೆಯ ಮೂರನೇ ದಶಮಾಂಶದವರೆಗೆ.

ತಾಣದ ಅಸಲಿ ಬಲ 'ಸೈಡ್ ಬೈ ಸೈಡ್' ನೋಟ. ಎಡಕ್ಕೆ ಹಳೆಯ ನಕ್ಷೆ, ಬಲಕ್ಕೆ ಉಪಗ್ರಹ ಚಿತ್ರ. ಒಂದನ್ನು ಸರಿಸಿದರೆ ಇನ್ನೊಂದೂ ಸರಿಯುತ್ತದೆ. ಬಲಗಡೆ ಲೈಡಾರ್ ಪದರ (ಲೇಸರ್ ಬೆಳಕಿನಿಂದ ನೆಲದ ಉಬ್ಬುತಗ್ಗು ಅಳೆದ ಚಿತ್ರ) ಹಾಕಿದರೆ ಇನ್ನೂ ಚೆನ್ನ: ಮಧ್ಯಯುಗದ ಉಳುಮೆಯ ದಿಂಡುಗಳು, ಸವೆದು ಹಳ್ಳವಾದ ದಾರಿಗಳು, ಬಿದ್ದ ಮನೆಗಳ ಜಗಲಿ ಎಲ್ಲ ಹುಲ್ಲಿನಡಿಯಿಂದ ಎದ್ದು ಕಾಣುತ್ತವೆ. ಕಣ್ಣು ಪಳಗಿಸಲು ಉತ್ತರ ಯಾರ್ಕ್‌ಷೈರಿನ ವಾರಮ್ ಪರ್ಸಿ ನೋಡಿ. ಸುಮಾರು 1500ರ ಹೊತ್ತಿಗೆ ಕುರಿ ಮೇವಿಗಾಗಿ ಖಾಲಿಯಾದ ಈ ಊರಲ್ಲಿ ಪಾಳು ಚರ್ಚ್ ಬಿಟ್ಟರೆ ಉಳಿದಿರುವುದು ಬಹುಪಾಲು ನೆಲದ ಉಬ್ಬುತಗ್ಗೇ.

ಎಡವುವುದು ಇಸವಿಯಲ್ಲಿ. '1892–1914' ಎಂಬ ಪದರ ಬೇರೆ ಬೇರೆ ವರ್ಷದ ಹಾಳೆಗಳನ್ನು ಅಂಚು ಕತ್ತರಿಸಿ ಹೊಲಿದದ್ದು. ಪಕ್ಕಪಕ್ಕದ ಎರಡು ಹೊಲಗಳ ನಡುವೆ ಹತ್ತಾರು ವರ್ಷದ ಅಂತರ ಇರಬಹುದು. ಹಾಗಾಗಿ ಬಿಡಿ ಹಾಳೆ ತೆರೆದು ಅಂಚಿನ ಬರಹ ಓದಲೇಬೇಕು. ಅಲ್ಲಿಯೂ ನಂಬಬೇಕಾದದ್ದು ಸರ್ವೆ ಅಥವಾ ಪರಿಷ್ಕರಣೆಯ ವರ್ಷವನ್ನು, ಪ್ರಕಟಣೆಯದನ್ನಲ್ಲ. ಹೊಲಿಗೆಯಲ್ಲಿ ಕೆಲವು ಮೀಟರ್ ಜರುಗಿರುವುದೂ ಉಂಟು. ಗಡಿ ತಕರಾರಿಗೆ ಇದನ್ನು ಸಾಕ್ಷಿ ಮಾಡಿಕೊಳ್ಳಬೇಡಿ.

ಹ್ಯಾಮ್ಲೆಟ್ಟಿನ ದಾಖಲೆಗಳು ಸಾಮಾನ್ಯವಾಗಿ ಅದು ಸೇರಿದ ಪ್ಯಾರಿಷ್ (ಚರ್ಚ್ ಸುತ್ತ ಬೆಳೆದ ಸ್ಥಳೀಯ ಆಡಳಿತ ಘಟಕ) ಹೆಸರಿನಲ್ಲಿರುತ್ತವೆ. ಚುಕ್ಕಿ ಗೆರೆಯ ಪ್ಯಾರಿಷ್ ಗಡಿಯನ್ನು ಹಿಡಿದು ಹೋಗಿ, ಆ ಹೆಸರಿನಡಿ ಜನಗಣತಿ ಹುಡುಕಿ. 1880ರ ದಶಕದಲ್ಲಿ ತಮ್ಮ ಪ್ಯಾರಿಷ್‌ನಿಂದ ದೂರ ಬಿದ್ದಿದ್ದ ಅನೇಕ ತುಣುಕುಗಳು ಪಕ್ಕದ ಪ್ಯಾರಿಷ್‌ಗೆ ಸೇರಿದವು. 1881ರಲ್ಲಿ ಸಿಕ್ಕ ಮನೆ 1891ರಲ್ಲಿ ಮಾಯವಾದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಹಾಳೆಗಳು 1974ರಲ್ಲಿ ಗಡಿಗಳು ಬದಲಾಗುವ ಮುಂಚಿನ ಕೌಂಟಿಗಳ (ಜಿಲ್ಲೆಗಳಂಥ ವಿಭಾಗಗಳ) ಲೆಕ್ಕದಲ್ಲಿವೆ ಎಂಬುದೂ ನೆನಪಿರಲಿ.

ಕೊರತೆಯೂ ಇದೆ. ದೊಡ್ಡ ಅಳತೆಯ ಸರ್ವೆ ನಕ್ಷೆಗಳು 1840ರ ದಶಕಕ್ಕಿಂತ ಹಿಂದೆ ಹೋಗವು, ಒಡೆಯ ಯಾರು, ಗೇಣಿದಾರ ಯಾರು ಎಂದೂ ಹೇಳವು. ಅದಕ್ಕೆ 1836ರ ಕಾಯ್ದೆಯಡಿ ತಯಾರಾದ ಟೈಥ್ (ಚರ್ಚಿಗೆ ಸಲ್ಲುತ್ತಿದ್ದ ಬೆಳೆಯ ಹತ್ತನೇ ಪಾಲು) ನಕ್ಷೆಗಳೇ ಗತಿ: ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ನಕ್ಷೆ ಐಆರ್ 30 ಎಂಬ ದಾಖಲೆ ಸರಣಿಯಲ್ಲಿ, ಹೆಸರುಗಳ ಪಟ್ಟಿ ಐಆರ್ 29ರಲ್ಲಿ. ನಾರ್ಥಾಂಪ್ಟನ್‌ಷೈರ್, ಲೆಸ್ಟರ್‌ಷೈರ್ ಕಡೆ ಎನ್‌ಕ್ಲೋಷರ್ (ಊರಿನ ಬಯಲು ಹೊಲಗಳನ್ನು ಹಂಚಿ ಬೇಲಿ ಹಾಕಿದ) ಹೊತ್ತಿಗೇ ಟೈಥ್ ತೀರುವಳಿ ಆಗಿದ್ದರಿಂದ ಇವು ಕಮ್ಮಿ. ಅಲ್ಲಿ ಕೌಂಟಿ ದಾಖಲೆ ಕಚೇರಿಯ ಎನ್‌ಕ್ಲೋಷರ್ ಅವಾರ್ಡ್ (ಆ ಹಂಚಿಕೆಯ ತೀರ್ಪಿನ ದಾಖಲೆ) ಕೇಳಬೇಕು. ಟೈಥ್ ನಂಬರಿಗೂ 25 ಇಂಚಿನ ನಕ್ಷೆಯ ನಂಬರಿಗೂ ಸಂಬಂಧವಿಲ್ಲ. ಬೇಲಿಯ ತಿರುವು, ಹೊಲದ ಆಕಾರ ನೋಡಿಯೇ ತಾಳೆ ಹಾಕಬೇಕು.