ಕೀವ್‌ನ ಎರಡು ಹೋಟೆಲುಗಳಲ್ಲಿ ಉಂಡ ಬೋರ್ಷ್

ನನ್ನ ಅಕ್ಕನ ಮಗ ಉಕ್ರೇನಿನ ರಾಜಧಾನಿ ಕೀವ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಗ, 2021ರ ಸೆಪ್ಟೆಂಬರಿನಲ್ಲಿ, ಅಕ್ಕ ಮತ್ತು ಭಾವನವರ ಜೊತೆ ನಾನೂ ಹತ್ತು ದಿನ ಅಲ್ಲಿದ್ದೆ. ಮಂಗಳೂರಿನಿಂದ ಕಟ್ಟಿಕೊಂಡು ಹೋಗಿದ್ದ ಅವಲಕ್ಕಿಯೂ ಚಟ್ನಿಪುಡಿಯೂ ನಾಲ್ಕನೆಯ ದಿನಕ್ಕೆ ಮುಗಿದಾಗ, "ಮಾವ, ಇಲ್ಲಿನವರ ಅಡುಗೆಯಲ್ಲಿ ನಿಮಗೆ ಬೇಕಾದ ಹುಳಿ ಇದೆ, ಬನ್ನಿ" ಎಂದು ಹುಡುಗ ನನ್ನನ್ನು ವೊಲೊದಿಮಿರ್ಸ್ಕಾ ಬೀದಿಯ ಒಂದು ಹೋಟೆಲಿಗೆ ಕರೆದುಕೊಂಡು ಹೋದ. ಅದರ ಹೆಸರು ‘ಸ್ತೊ ರೊಕಿವ್ ತೊಮು ವ್ಪೆರೆದ್’. ನೂರು ವರ್ಷಗಳ ಹಿಂದಿನಿಂದ ಮುಂದಕ್ಕೆ ಎಂಬುದು ಅದರ ಅರ್ಥ. 2015ರಲ್ಲಿ ಉಕ್ರೇನಿನ ಮಾಸ್ಟರ್‌ಶೆಫ್ ಸ್ಪರ್ಧೆಯನ್ನು ಗೆದ್ದ ಯೆವ್ಹೆನ್ ಕ್ಲೊಪೊಟೆಂಕೊ ಅದನ್ನು 2019ರಲ್ಲಿ ತೆರೆದವರು.

ಹೆಸರಿನ ಹಿಂದಿರುವ ವಿಚಾರವನ್ನು ತಿಳಿದ ಮೇಲೆ ನನಗೆ ಊಟದ ರುಚಿ ಇನ್ನಷ್ಟು ಅರ್ಥವಾಯಿತು. ಸೋವಿಯತ್ ಆಳ್ವಿಕೆಗೂ ಮೊದಲು ಇದ್ದ ಅಡುಗೆಯನ್ನು ಅಲ್ಲಿಂದಲೇ ಮುಂದುವರಿಸುವುದು ಆ ವಿಚಾರ. ಸೋವಿಯತ್ ಕಾಲದಲ್ಲಿ ಕಾರ್ಖಾನೆ, ಶಾಲೆ, ಆಸ್ಪತ್ರೆಗಳ ಊಟದ ಮನೆಗಳೆಲ್ಲ ಸರಕಾರ ಗೊತ್ತುಪಡಿಸಿದ ಒಂದೇ ಅಳತೆಯಲ್ಲಿ ಅಡುಗೆ ಮಾಡಬೇಕಾಗಿತ್ತು. ಊರಿಗೊಂದು, ಮನೆಗೊಂದು ಬಗೆಯಾಗಿದ್ದ ಬೋರ್ಷ್ ಎಂಬ ಉಕ್ರೇನಿನ ಹುಳಿಸಾರು ಅಲ್ಲಿ ಬೀಟ್‌ರೂಟಿನ ತೆಳುವಾದ ಕೆಂಪು ಸಾರಾಗಿ ಉಳಿಯಿತು; ಹುಳಿಗೆ ವಿನೆಗರ್ ಬಂತು. ಅದಕ್ಕೂ ಮೊದಲು ಹಳ್ಳಿಗಳಲ್ಲಿ ಬೀಟ್‌ರೂಟಿನ ತುಂಡುಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿ, ಕೆಲವು ದಿನ ಹುದುಗಲು ಬಿಟ್ಟು ತೆಗೆದ ‘ಕ್ವಾಸ್’ ಎಂಬ ಹುಳಿನೀರು ಬೋರ್ಷಿನ ಜೀವವಾಗಿತ್ತು. ಬಂಗುಡೆಗೆ ಬಿಂಬುಳಿ ಹಾಕಿದ್ದೀರೋ ಪುನರ್ಪುಳಿ ಹಾಕಿದ್ದೀರೋ ಎಂದು ಮೊದಲು ವಿಚಾರಿಸಿ ಆಮೇಲೆ ತಟ್ಟೆಗೆ ಕೈ ಹಾಕುವ ಊರಿನಿಂದ ಬಂದ ನನಗೆ, ಹುಳಿಯನ್ನು ಬದಲಾಯಿಸಿದರೆ ಪದಾರ್ಥವೇ ಬದಲಾಗುತ್ತದೆ ಎಂಬುದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಅಲ್ಲಿನ ಬೋರ್ಷ್ ನಾನು ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿತ್ತು, ಬಣ್ಣವೂ ಗಾಢವಾಗಿತ್ತು. ಕ್ಲೊಪೊಟೆಂಕೊ ತಮ್ಮ ಬೋರ್ಷಿಗೆ ಪ್ಲಮ್ ಹಣ್ಣನ್ನು ಬಹಳ ಹೊತ್ತು ಕಾಯಿಸಿ ಮಾಡಿದ ‘ಲೆಕ್ವಾರ್’ ಎಂಬ ಗಟ್ಟಿ ಪಾಕವನ್ನು ಬೆರೆಸುತ್ತಾರೆ. ಅದರ ಸಿಹಿಯು ಹುಳಿಯನ್ನು ಮರೆಸದೆ, ಮೆಣಸ್ಕಾಯಿಗೆ ಹಾಕಿದ ಬೆಲ್ಲದಂತೆ, ಅದರ ಪಕ್ಕದಲ್ಲಿಯೇ ನಿಲ್ಲುತ್ತದೆ. ಆಮೇಲೆ ತರಿಸಿದ್ದು ಶ್ಪುಂದ್ರಾ, ಅಂದರೆ ಹಂದಿಮಾಂಸವನ್ನು ಬೀಟ್‌ರೂಟಿನೊಡನೆ ಕ್ವಾಸಿನಲ್ಲಿ ಬೇಯಿಸಿದ ಹಳೆಯ ಪದಾರ್ಥ. 1798ರಲ್ಲಿ ಮೊದಲ ಭಾಗಗಳು ಅಚ್ಚಾದ ಇವಾನ್ ಕೊಟ್ಲ್ಯಾರೆವ್‌ಸ್ಕಿಯ ‘ಎನೆಯಿದಾ’ ಕಾವ್ಯದ ಔತಣಗಳಲ್ಲಿ ಬರುವ ಈ ಹೆಸರನ್ನು ಮತ್ತೆ ಹೋಟೆಲಿನ ತಿಂಡಿಪಟ್ಟಿಗೆ ತಂದಿರುವುದು ನನಗೆ ಬಹಳ ದೊಡ್ಡ ಕೆಲಸವಾಗಿ ಕಂಡಿತು. ಮಾಂಸ ಚಮಚದಲ್ಲಿಯೇ ಬಿಡಿಸಿಕೊಳ್ಳುವಷ್ಟು ಮೆತ್ತಗಾಗಿತ್ತು. ನಮ್ಮ ಕ್ರೈಸ್ತ ಸ್ನೇಹಿತರ ಮನೆಯ ದುಕ್ರಾಮಾಸಿನಲ್ಲಿರುವ ಖಾರ ಇದರಲ್ಲಿ ಇಲ್ಲದಿದ್ದರೂ ಹುಳಿಯಲ್ಲಿ ಬೆಂದ ಕೊಬ್ಬಿನ ಸೊಗಸು ಅದೇ ಆಗಿತ್ತು. ಕುಡಿಯಲು ಒಣಹಣ್ಣುಗಳನ್ನು ಕುದಿಸಿದ ಉಜ್ವಾರ್ ಕೊಟ್ಟರು. ಹೊಗೆಯಲ್ಲಿ ಒಣಗಿಸಿದ ಪಿಯರ್ ಹಣ್ಣಿನ ಆ ವಾಸನೆ ಅಕ್ಕನಿಗೆ ಹಿಡಿಸಲಿಲ್ಲ, ನಾನು ಎರಡು ಲೋಟ ಕುಡಿದೆ.

ಎರಡನೆಯ ಹೋಟೆಲು ‘ಕನಾಪಾ’. ಸೇಂಟ್ ಆಂಡ್ರ್ಯೂ ಇಗರ್ಜಿಯ ಬಳಿಯಿಂದ ಕೆಳಗಿನ ಪೊದಿಲ್ ಪೇಟೆಗೆ ಇಳಿಯುವ ಕಲ್ಲುಹಾಸಿನ ಅಂದ್ರಿಯಿವ್‌ಸ್ಕಿ ಇಳಿಜಾರಿನಲ್ಲಿ ಅದು ಇದೆ. ಅಲ್ಲಿ ಬೋರ್ಷನ್ನು ಬಟ್ಟಲಿನಲ್ಲಿ ಕೊಡದೆ, ಒಳಗನ್ನು ಕೊರೆದು ತೆಗೆದ ಇಡೀ ಎಲೆಕೋಸಿನಲ್ಲಿ ತುಂಬಿ ತರುತ್ತಾರೆ. ನೋಡಿದ ಕ್ಷಣ ಇದು ಬರಿಯ ಅಲಂಕಾರವಿರಬೇಕು ಎಂದು ನನಗೆ ಅನುಮಾನ ಬಂದಿತ್ತು. ಉಣ್ಣುತ್ತಾ ಹೋದಂತೆ ಬಿಸಿ ಸಾರು ಒಳಗಿನ ಎಲೆಗಳನ್ನು ಮೆದುವಾಗಿಸಿ, ಕೊನೆಕೊನೆಗೆ ಗೋಡೆಯನ್ನು ಚಮಚದಿಂದ ಕೆರೆದು ತಿನ್ನುವಾಗ ಅರೆಬೆಂದ ಕೋಸಿನ ಸಿಹಿ ಸಾರಿಗೆ ಸೇರಿತು. ಬಾಳೆಲೆಯಲ್ಲಿ ಬಡಿಸಿದ ಬಿಸಿ ಅನ್ನ ಎಲೆಯ ಪರಿಮಳವನ್ನು ಎಳೆದುಕೊಳ್ಳುವುದನ್ನು ಬಲ್ಲ ನಾವು ಇದನ್ನು ಅಲಂಕಾರವೆಂದು ತಳ್ಳಿಹಾಕುವಂತಿಲ್ಲ.

ಭಾವನವರು ಸಸ್ಯಾಹಾರಿಗಳು. ಅವರ ಅನುಭವವನ್ನು ಉಡುಪಿ ಕಡೆಯ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಉಕ್ರೇನಿನಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ಮಾಂಸವೂ ಹಾಲಿನ ಪದಾರ್ಥಗಳೂ ಇಲ್ಲದ ಹನ್ನೆರಡು ಬಗೆ ಮಾಡುವ ಸಂಪ್ರದಾಯವಿದೆ. ಒಣ ಅಣಬೆಯ ಬೋರ್ಷ್ ಅದರಲ್ಲೊಂದು. ಇಡಿಯ ಗೋಧಿಯನ್ನು ಬೇಯಿಸಿ ಗಸಗಸೆ, ಜೇನು ಬೆರೆಸಿದ ‘ಕುತ್ಯಾ’ ಇನ್ನೊಂದು. ಆದ್ದರಿಂದ ವ್ರತದ ಅಡುಗೆ ಎಂದರೆ ಅಲ್ಲಿನವರಿಗೆ ಹೊಸತಲ್ಲ. ನಮ್ಮ ಕಡುಬನ್ನು ಅರ್ಧಚಂದ್ರಾಕಾರಕ್ಕೆ ಮಡಿಸಿದಂತಿರುವ ವರೆನಿಕಿಯನ್ನು ಆಲೂಗಡ್ಡೆಯ ಹೂರಣದ್ದು ಕೇಳಿ ತರಿಸಿಕೊಳ್ಳಬಹುದು. ಆದರೆ ಮೇಲೆ ಹುರಿದ ಹಂದಿಕೊಬ್ಬಿನ ಚೂರುಗಳನ್ನು ಉದುರಿಸುವ ರೂಢಿ ಇದೆ; ‘ಶ್ಕ್ವಾರ್ಕಿ’ ಬೇಡ ಎಂದು ಮೊದಲೇ ಹೇಳಬೇಕು.

ಮೂರನೆಯದೊಂದು ಹೋಟೆಲಿನಲ್ಲಿ ನನಗೆ ಬೇಸರವಾಯಿತು. ಅಲ್ಲಿ ಬೋರ್ಷ್ ಎಂದು ಕಪ್ಪು ತಟ್ಟೆಯಲ್ಲಿ ಬೀಟ್‌ರೂಟಿನ ನೊರೆ, ಒಂದು ಬೆರಳಷ್ಟು ಮಾಂಸ, ಮೂರು ಹನಿ ಹುಳಿಕೆನೆ ಬಂತು. ಯಾವುದರಲ್ಲಿಯೂ ಹುದುಗಿದ ಹುಳಿಯ ಸುಳಿವಿರಲಿಲ್ಲ. ನಮ್ಮೂರಿನಲ್ಲಿಯೂ ಒಂದು ಕಡೆ ಕೋರಿ ರೊಟ್ಟಿಯನ್ನು ಪುಟ್ಟ ಗಾಜಿನ ಲೋಟದಲ್ಲಿ, ರೊಟ್ಟಿಯನ್ನು ಪುಡಿಮಾಡಿ ಮೇಲೆ ಉದುರಿಸಿ ಕೊಟ್ಟಿದ್ದರು. ಗರಿಗರಿ ರೊಟ್ಟಿ ಸಾರಿನಲ್ಲಿ ನೆನೆದು ಅರ್ಧ ಮೆತ್ತಗೆ, ಅರ್ಧ ಗರಿಯಾಗಿ ಬಾಯಿಗೆ ಬರುವ ಆ ಹೊತ್ತೇ ಅದರಲ್ಲಿ ಇಲ್ಲವಾಗಿತ್ತು. ರೂಪ ಎಷ್ಟು ಬೇಕಾದರೂ ಬದಲಾಗಲಿ, ಆದರೆ ಹುಳಿ, ನೆನೆಯುವಿಕೆ, ಹುದುಗುವಿಕೆ ಇವುಗಳನ್ನು ಬಿಟ್ಟುಕೊಟ್ಟ ಮೇಲೆ ಹಳೆಯ ಹೆಸರನ್ನು ಇಡುವುದು ಉಣ್ಣುವವರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ನಾನು ಹೇಳಿದ್ದೆಲ್ಲ ಯುದ್ಧಕ್ಕಿಂತ ಮೊದಲಿನ ಮಾತು. 2022ರ ಫೆಬ್ರವರಿ 24ರಂದು ರಷ್ಯಾದ ಆಕ್ರಮಣ ಶುರುವಾದಾಗ ಹುಡುಗ ಅಲ್ಲಿಯೇ ಇದ್ದ. ಮಾರ್ಚಿನಲ್ಲಿ ಊರಿಗೆ ಬಂದು ಮುಟ್ಟಿದ. ಅದೇ ವರ್ಷ ಕ್ಲೊಪೊಟೆಂಕೊ ಲ್ವಿವ್ ನಗರದಲ್ಲಿ ‘ಇನ್ಶಿ’ ಎಂಬ ಹೋಟೆಲು ತೆರೆದು, ಮನೆ ಬಿಟ್ಟು ಬಂದವರಿಗೆ ಊಟ ಹಾಕಿದರು. ಅವರು ಬಹಳ ಓಡಾಡಿ ಮುಂದಿಟ್ಟಿದ್ದ ಬೋರ್ಷ್ ಅಡುಗೆಯ ಸಂಸ್ಕೃತಿಯನ್ನು ಯುನೆಸ್ಕೊ 2022ರ ಜುಲೈ 1ರಂದು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಆ ಸುದ್ದಿಯನ್ನು ಓದಿ ಹೇಳುವಾಗ ಹುಡುಗನ ಸ್ವರ ತಡೆಯಿತು.

ಆಮೇಲೆ ನಾವು ಮನೆಯಲ್ಲಿಯೇ ಕ್ವಾಸ್ ಹಾಕಿದೆವು. ಸೆಂಟ್ರಲ್ ಮಾರ್ಕೆಟಿನ ಬೀಟ್‌ರೂಟು, ಕಲ್ಲುಪ್ಪು, ಕುದಿಸಿ ಆರಿಸಿದ ನೀರು, ಅಮ್ಮ ಹಲಸಿನ ತೊಳೆಯನ್ನು ಉಪ್ಪಿಗೆ ಹಾಕುತ್ತಿದ್ದ ಹಳೆಯ ಭರಣಿ, ಇಷ್ಟೇ. ಕೀವ್‌ನ ಚಳಿಯಲ್ಲಿ ವಾರ ಹಿಡಿಯುವುದು ನಮ್ಮ ಸೆಕೆಗೆ ಮೂರನೆಯ ದಿನವೇ ಹುಳಿಯೇರಿತ್ತು. ಹುಡುಗ ಒಂದು ಚಮಚ ಕುಡಿದು, ಕಣ್ಣು ಮುಚ್ಚಿಕೊಂಡು, "ಇನ್ನೊಂದು ದಿನ ಬಿಡೋಣ ಮಾವ" ಎಂದ.